ಮೂರು ಗಂಟೆ ಅಮ್ಮನ ಮುಖ

೯ನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ಚೆನ್ನಾಗಿದ್ದೀಯಾ? ಆಫೀಸು, ಮದುವೆಯ ಓಡಾಟ ಎಲ್ಲದರ ನಡುವೆ ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯ ತಾನೆ? ನಿನ್ನ ಪತ್ರ ಬಂದು ಬಹಳ ದಿನವಾಯಿತು. ನಾನು ಉತ್ತರ ಬರೆಯಲಿಲ್ಲವೆಂದು ನೀನು ಮುನಿಸಿಕೊಂಡಿರುವುದು ಫೋನಿನಲ್ಲಿ ನಿನ್ನ ಒಣ "ಹ್ಞೂಂ" ಕೇಳಿದರೇ ಗೊತ್ತಾಗುತ್ತದೆ. ಪರೀಕ್ಷೆ ಇತ್ತು ಎಂದು ನೆಪ ಹೇಳಬಹುದಿತ್ತು, ಪರೀಕ್ಷೆ ಇದ್ದದ್ದೂ ನಿಜವೇ. ಆದರೆ ನೀನು ಕೇಳಿದ್ದಕ್ಕೆ ಏನು ಬರೆಯಬೇಕೆಂದು ನನಗೆ ತೋಚಲಿಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ಈ ಎರಡು ಕೋಣೆಯ ಮನೆಯಲ್ಲಿ ಅಮ್ಮ ಯಾವಾಗಲೂ ಕೈಯಳತೆಯಲ್ಲೇ ಇರುತ್ತಾಳೆ. ಮೆಸೇಜು ಮಾಡಿದರೆ ನೀನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಕೈತೊಳೆದುಕೊಳ್ಳುತ್ತೀಯ. ಅದಕ್ಕೇ ಕಾಗದ. ಕೂತುಕೊಂಡು ಓದು.

ನೀನು ಕೇಳಿದ್ದನ್ನು ಇಲ್ಲಿ ಮತ್ತೆ ಬರೆಯುತ್ತೇನೆ, ನಾನು ತಪ್ಪು ತಿಳಿದಿದ್ದರೆ ಹೇಳು. ಮದುವೆಗೆ ಅಮ್ಮ ಬರುವುದು ಬೇಡ. ಬಂದೇ ಬರುತ್ತೇನೆಂದರೆ ಫೋಟೋ ತೆಗೆಯುವ ಹೊತ್ತಿನಲ್ಲಿ ಒಳಗೆಲ್ಲಾದರೂ ಇರಲಿ. ಇದನ್ನು ಅವಳಿಗೆ ನೋವಾಗದ ಹಾಗೆ ನಾನು ಹೇಳಬೇಕು. ನಿನ್ನ ಅತ್ತೆಯಾಗುವವರಿಗೆ "ಅಮ್ಮನಿಗೆ ಮೈ ಸರಿಯಿಲ್ಲ, ಪ್ರಯಾಣ ಆಗಲ್ಲ" ಎಂದು ನೀನು ಆಗಲೇ ಹೇಳಿಯಾಗಿದೆ. ಭಾವನಿಗೆ (ಈಗಿನಿಂದಲೇ ಭಾವ ಅನ್ನಬಹುದು ತಾನೆ?) ಅಮ್ಮನ ಹಳೆಯ ಫೋಟೋ ತೋರಿಸಿದ್ದೀಯ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಬಾಯ್ತುಂಬ ನಗುತ್ತಿರುವುದು, ಆಪರೇಷನ್ ಆಗಿ ಬಲಗಡೆ ಮುಖ ಬಿದ್ದುಹೋಗುವ ಮುಂಚಿನದು. ಅದನ್ನು ನೋಡಿ ಅವರು "ನಿಮ್ಮಮ್ಮ ಎಷ್ಟು ಲಕ್ಷಣವಾಗಿದ್ದಾರೆ" ಎಂದರಂತೆ. ಅಲ್ಲಿಂದಾಚೆಗೆ ನಿಜ ಹೇಳಲು ನಿನಗೆ ಬಾಯಿ ಬರಲಿಲ್ಲ.

ನನಗೆ ಸಿಟ್ಟು ಬಂದಿದೆ ಅಕ್ಕ, ಮುಚ್ಚಿಟ್ಟು ಏನು ಪ್ರಯೋಜನ. ನಿನ್ನ ಪತ್ರ ಓದಿದ ದಿನ ಹರಿದು ಹಾಕಬೇಕೆನಿಸಿತ್ತು. ಆದರೆ ಇದನ್ನು ನಿನ್ನನ್ನು ಬೈಯಲಿಕ್ಕೆ ಬರೆಯುತ್ತಿಲ್ಲ. ಹೋದ ಗುರುವಾರ ಒಂದು ಸಂಗತಿ ನಡೆಯಿತು. ಅದನ್ನು ಹೇಳಿಬಿಡುತ್ತೇನೆ, ಆಮೇಲೆ ನಿನ್ನಿಷ್ಟ.

ಮೊದಲು ಕಾಲೇಜಿನ ವಿಷಯ, ಅದಿಲ್ಲದೆ ಗುರುವಾರದ್ದು ತಲೆಬುಡ ತಿಳಿಯುವುದಿಲ್ಲ. ಡೆಂಟಲ್ ಹೈಜೀನ್ ಕೋರ್ಸಿಗೆ ಸೇರಿದಾಗ ನೀನು "ಹಲ್ಲುಜ್ಜೋದು ಕಲಿಯೋಕೂ ಕಾಲೇಜಾ?" ಎಂದು ರೇಗಿಸಿದ್ದೆ. ಈಗ ಬಂದು ನೋಡು. ಈ ಸಲ ಪೂರ್ತಿ ತಲೆ ಮತ್ತು ಕತ್ತಿನ ಅಂಗರಚನೆ. ಹಲ್ಲಿನ ಹಿಂದೆ, ಮೇಲೆ, ಕೆಳಗೆ ಯಾವ ಮೂಳೆ, ಯಾವ ಸ್ನಾಯು, ಯಾವ ನರ ಇದೆ ಎಂದು ಕಣ್ಣುಮುಚ್ಚಿ ಹೇಳಲು ಬರಬೇಕು, ಇಲ್ಲದಿದ್ದರೆ ರೋಗಿಯ ಹತ್ತಿರ ಸೇರಿಸುವುದಿಲ್ಲ. ಯಾಕೆಂದರೆ ಹಲ್ಲು ಶುಚಿ ಮಾಡುವ ಮುಂಚೆ ನೋವಾಗದಿರಲಿ ಎಂದು ಜೋಮು ಹಿಡಿಸುವ ಇಂಜೆಕ್ಷನ್ನನ್ನೂ ನಾವೇ ಕೊಡಬೇಕು. "ಸೂಜಿಯ ತುದಿ ಎಲ್ಲಿದೆ ಅಂತ ಕಣ್ಣಿಗೆ ಕಾಣಲ್ಲ ಕಣ್ರೇ, ಅದನ್ನ ತಲೆಯಲ್ಲಿ ನೋಡಬೇಕು" ಎನ್ನುತ್ತಾರೆ ನಮ್ಮ ಮೇಡಂ. ಮಹಾ ಬಿಗಿ ಸ್ವಭಾವದವರು. ತಪ್ಪು ಹೇಳಿದರೆ ಬೈಯುವುದಿಲ್ಲ, ಸುಮ್ಮನೆ ನಮ್ಮ ಮುಖವನ್ನೇ ನೋಡುತ್ತಾ ನಿಲ್ಲುತ್ತಾರೆ. ಅದಕ್ಕಿಂತ ಬೈಗುಳವೇ ವಾಸಿ.

ಮುಖದ ನರದ ಪಾಠದ ದಿನ ಅವರು ಬಲಗೈಯ ಬುಡವನ್ನು ಬಲಗಿವಿಯ ಕೆಳಗೆ ಒತ್ತಿ, ಐದು ಬೆರಳನ್ನೂ ಅಗಲಿಸಿ ಕೆನ್ನೆಯ ಮೇಲಿಡಲು ಹೇಳಿದರು. ಹೆಬ್ಬೆರಳು ಹಣೆಯ ಕಡೆಗೆ, ತೋರುಬೆರಳು ಕಣ್ಣಿನ ಕಡೆಗೆ, ನಡುಬೆರಳು ಮೇಲ್ತುಟಿಗೆ, ಉಂಗುರಬೆರಳು ಕೆಳತುಟಿಗೆ, ಕಿರುಬೆರಳು ಕತ್ತಿಗೆ. ಕಿವಿಯ ಹಿಂದಿನಿಂದ ಬಂದ ನರ ಐದು ಕವಲಾಗಿ ಹೋಗುವುದು ಹೀಗೇ. ಇಡೀ ತರಗತಿ ಕಪಾಳಕ್ಕೆ ಹೊಡೆಸಿಕೊಂಡವರ ಹಾಗೆ ಕೂತಿತ್ತು. ಎಲ್ಲರೂ ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ಅಮ್ಮನಿಗೆ ಯಾವ ಬೆರಳ ಕೆಳಗೆ ಏನೇನು ಹೋಯಿತು ಎಂದು ಯೋಚಿಸುತ್ತಿದ್ದೆ. ಹುಬ್ಬು, ರೆಪ್ಪೆ, ನಗು, ತುಟಿ ಸೇರಿಸಿ ಹೇಳುವ ಪ, ಬ, ಮ ಅಕ್ಷರಗಳು.

ಆ ದಿನ ಮೇಡಂ ಇನ್ನೊಂದು ಮಾತು ಹೇಳಿದರು. ಮುಖವನ್ನು ಆಡಿಸುವ ನರ ಬೇರೆ, ಮುಟ್ಟಿದ್ದನ್ನು ತಿಳಿಸುವ ನರ ಬೇರೆ. ಒಂದು ಹೋದರೆ ಇನ್ನೊಂದು ಹೋಗಬೇಕೆಂದಿಲ್ಲ. ಅಂದರೆ ಅಮ್ಮನ ಬಲಗೆನ್ನೆಗೆ ಎಲ್ಲವೂ ಗೊತ್ತಾಗುತ್ತದೆ ಅಕ್ಕ. ಬಿಸಿ, ಗಾಳಿ, ನಾವು ಕೊಟ್ಟ ಮುತ್ತು. ತೋರಿಸಲು ಮಾತ್ರ ಬರುವುದಿಲ್ಲ. ನಾನು ಇಷ್ಟು ವರ್ಷ ಆ ಕಡೆ ಚರ್ಮ ಸತ್ತಿದೆ ಎಂದೇ ತಿಳಿದಿದ್ದೆ. ನಿನಗೆ ಗೊತ್ತಿತ್ತಾ?

ಅಭ್ಯಾಸಕ್ಕೆಂದು ನಮಗೆ ಒಂದೊಂದು ಪ್ಲಾಸ್ಟಿಕ್ ತಲೆಬುರುಡೆಯನ್ನು ಮನೆಗೆ ಕೊಟ್ಟಿದ್ದಾರೆ. ಅದರ ತೂತುಗಳಲ್ಲಿ ತಂತಿ ತೂರಿಸಿ ಯಾವುದರಿಂದ ಯಾವ ನರ ಹೊರಬರುತ್ತದೆ ಎಂದು ಕಲಿಯಬೇಕು. ಅಮ್ಮ ಅದಕ್ಕೆ ಬಾಡಿಗೆಯವನು ಎಂದು ಹೆಸರಿಟ್ಟಿದ್ದಾಳೆ. "ನಿನ್ ಬಾಡಿಗೆಯವನನ್ನ ಊಟದ ಮೇಜಿಂದ ಎತ್ತು ಮಾರಾಯ್ತಿ, ನನ್ನ ತಟ್ಟೆನೇ ನೋಡ್ತಿದಾನೆ" ಎನ್ನುತ್ತಾಳೆ. ಒಂದು ಸಂಜೆ ಕೆಲಸದಿಂದ ಬಂದವಳು ಚಪ್ಪಲಿ ಬಿಟ್ಟು ನೇರ ನನ್ನ ಪಕ್ಕ ಕೂತಳು.

"ನಂದು ಎಲ್ಲಿ ಕತ್ತರಿಸಿದ್ದು?" ಎಂದು ಕೇಳಿದಳು.

ಕಿವಿಯ ಹಿಂದಿನ ಮೂಳೆಯ ಉಬ್ಬಿನ ಪಕ್ಕದಲ್ಲಿರುವ ತೂತಿಗೆ ತಂತಿ ತೂರಿಸಿ ತೋರಿಸಿದೆ. "ಇಲ್ಲಿಂದ ಹೊರಗೆ ಬಂದು, ಕಿವಿ ಮುಂದಿರೋ ಜೊಲ್ಲಿನ ಗ್ರಂಥಿಯೊಳಗೆ ಹೋಗುತ್ತಮ್ಮ. ನಿನ್ನ ಗಡ್ಡೆ ಇದ್ದಿದ್ದು ಅಲ್ಲೇ. ನರಕ್ಕೆ ಸುತ್ತಿಕೊಂಡಿತ್ತಂತೆ, ಬಿಡಿಸೋಕಾಗಲಿಲ್ಲ."

ಅಮ್ಮ ತಂತಿಯ ತುದಿಯನ್ನು ಉಗುರಿನಿಂದ ಮುಟ್ಟಿ ನೋಡಿದಳು. "ಇಷ್ಟು ಸಣ್ಣದಾ?" ಎಂದಳು. ಆಮೇಲೆ ಎದ್ದು ಕೈಕಾಲು ತೊಳೆಯಲು ಹೋದಳು.

ಈಗ ಗುರುವಾರದ್ದು. ಅವತ್ತು ಕೆಳದವಡೆಯ ಇಂಜೆಕ್ಷನ್. ನಮ್ಮಲ್ಲಿ ಅದನ್ನು ಮೊದಲು ಒಬ್ಬರಿಗೊಬ್ಬರು ಕೊಟ್ಟುಕೊಂಡು ಕಲಿಯಬೇಕು, ಇಬ್ಬಿಬ್ಬರ ಜೋಡಿ. ನನ್ನ ಜೋಡಿ ಗುಬ್ಬಿ. ಅವಳ ಬಗ್ಗೆ ಹೇಳಿದ್ದೆನಲ್ಲ, ಹೆಸರಿಗೆ ತಕ್ಕ ಗಾತ್ರ, ಹೆಸರಿಗೆ ತಕ್ಕ ಪುಕ್ಕಲು. ಸೂಜಿಯನ್ನು ಬಾಯಿಯ ಕೊನೆಯಲ್ಲಿ, ದವಡೆಯ ಒಳಬದಿಯಿಂದ ಹಾಕಬೇಕು. ತುದಿ ಮೂಳೆಗೆ ತಾಗಿತು ಎಂದು ಕೈಗೆ ಗೊತ್ತಾಗಬೇಕು, ತಾಗಿದ ಮೇಲೆ ಒಂಚೂರು ಹಿಂದೆ ಎಳೆದು ಮದ್ದು ಬಿಡಬೇಕು. ಗುಬ್ಬಿಗೆ ಮೂಳೆ ಸಿಗಲಿಲ್ಲ. ಸಿಗಲಿಲ್ಲ ಎಂದು ಹೇಳಲು ಮೇಡಂ ಹೆದರಿಕೆ. ಇನ್ನಷ್ಟು ಒಳಗೆ ಹೋದಳು, ಆಮೇಲೆ ದೇವರ ಮೇಲೆ ಭಾರ ಹಾಕಿ ಮದ್ದು ಬಿಟ್ಟಳು. ದವಡೆಯ ಹಿಂದಿನ ಅಂಚಿನಾಚೆ ಇರುವುದೇ ಆ ಜೊಲ್ಲಿನ ಗ್ರಂಥಿ. ಮದ್ದು ಅಲ್ಲಿಗೆ ಹೋಯಿತು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಗುಬ್ಬಿ "ತುಟಿ ಜೋಮು ಹಿಡೀತಾ?" ಎಂದು ಕೇಳುತ್ತಲೇ ಇದ್ದಳು. ಜೋಮು ಹಿಡಿಯಬೇಕಾದ ತುಟಿ ಜೋಮು ಹಿಡಿಯಲಿಲ್ಲ. ಬಾಯಿ ಮುಕ್ಕಳಿಸಲು ನೀರು ತೆಗೆದುಕೊಂಡೆ, ನೀರು ಬಲಗಡೆಯಿಂದ ಕತ್ತಿನ ಮೇಲೆ ಇಳಿಯಿತು. ಗುಬ್ಬಿ ನನ್ನ ಮುಖ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಮೇಡಂ ಬಂದರು. "ಹುಬ್ಬೇರಿಸು. ಕಣ್ಣು ಮುಚ್ಚು. ಹಲ್ಲು ತೋರಿಸು. ಕೆನ್ನೆ ಊದು." ಬಲಗಡೆ ಒಂದೂ ಆಗಲಿಲ್ಲ. "ಹೆದರಬೇಡ, ಮದ್ದು ಇಳಿದ ಮೇಲೆ ತಾನಾಗೇ ಬರುತ್ತೆ. ಹೆಚ್ಚೆಂದರೆ ಮೂರು ಗಂಟೆ" ಎಂದು ನನ್ನ ಬೆನ್ನು ಸವರಿದರು. ಆಮೇಲೆ ತರಗತಿಯ ಕಡೆ ತಿರುಗಿ, "ಎಲ್ಲರೂ ಹತ್ತಿರ ಬಂದು ನೋಡಿಕೊಳ್ಳಿ, ಪುಸ್ತಕದಲ್ಲಿ ಓದಿದ್ದು ಇದೇ" ಎಂದರು.

ಅವರು ತಪ್ಪೇನೂ ಮಾಡಲಿಲ್ಲ, ಕಲಿಸುವುದು ಅವರ ಕೆಲಸ. ಆದರೆ ಅಷ್ಟೂ ಮುಖಗಳು ಬಗ್ಗಿ ನನ್ನ ಮುಖ ನೋಡಿದವಲ್ಲ, ಕನ್ನಡಿ ಕೊಡಿ ಎಂದು ಕೇಳಿದೆ. ಕನ್ನಡಿಯಲ್ಲಿ ಅಮ್ಮ ಇದ್ದಳು. ಉತ್ಪ್ರೇಕ್ಷೆ ಮಾಡುತ್ತಿಲ್ಲ ಅಕ್ಕ. ಜಾರಿದ ಹುಬ್ಬು, ಬಿಟ್ಟಂತೆಯೇ ಇರುವ ಕಣ್ಣು, ಇಳಿದ ತುಟಿಯ ಕೊನೆ, ಅದೇ ಬಲಗಡೆ. ನಾನು ಅಪ್ಪನ ಮುಖ, ನೀನು ಅಮ್ಮನ ಮುಖ ಎಂದು ಎಲ್ಲರೂ ಹೇಳುತ್ತಿದ್ದರಲ್ಲ.

ಸರಿಹೋಗುವವರೆಗೆ ಅಲ್ಲೇ ಕೂರು ಎಂದರು ಮೇಡಂ. ನನಗೆ ಆಗಲಿಲ್ಲ, ಮನೆಗೆ ಹೋಗುತ್ತೇನೆಂದು ಹಟ ಹಿಡಿದೆ. ಕೊನೆಗೆ ಕಣ್ಣಿಗೆ ಬಟ್ಟೆ ಅಂಟಿಸಿ ಗುಬ್ಬಿಯನ್ನು ಜೊತೆ ಮಾಡಿ ಕಳಿಸಿದರು. ಗುಬ್ಬಿ ದಾರಿಯುದ್ದಕ್ಕೂ ಅತ್ತಳು, ನಾನೇ ಅವಳಿಗೆ ಸಮಾಧಾನ ಹೇಳಬೇಕಾಯಿತು. ಬಸ್ಸಿನಲ್ಲಿ ಕಂಡಕ್ಟರ್ ನನ್ನನ್ನು ಬಿಟ್ಟು ಗುಬ್ಬಿಯನ್ನು ಕೇಳಿದ, "ಇವ್ರು ಎಲ್ಲಿಳೀತಾರೆ?" ನಾನು ಹೇಳಿದೆ. ಆತ ಮತ್ತೆ ಗುಬ್ಬಿಯನ್ನೇ ನೋಡಿದ. ಎದುರು ಸೀಟಿನ ಹೆಂಗಸು ತನ್ನ ಮಗುವಿನ ತಲೆಯನ್ನು ಮೆಲ್ಲಗೆ ಕಿಟಕಿಯ ಕಡೆ ತಿರುಗಿಸಿದಳು. ಒಳ್ಳೆಯ ಮನಸ್ಸಿನಿಂದಲೇ ತಿರುಗಿಸಿದಳು. ನನಗೆ ಅದು ಅರ್ಧ ಗಂಟೆಯ ದಾರಿ. ಅಮ್ಮ ಅದೇ ಬಸ್ಸಿನಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕೆ ಹೋಗಿ ಬರುತ್ತಿದ್ದಾಳೆ. ಅವಳನ್ನು ಕೌಂಟರಿನಿಂದ ಎಬ್ಬಿಸಿ ಹಿಂದಿನ ಕೋಣೆಗೆ, ಪಾರ್ಸೆಲ್ ತೂಕ ಮಾಡಲು ಹಾಕಿದಾಗ, "ಅಲ್ಲಿ ನೆಮ್ಮದಿ ಬಿಡು, ಜನರ ಕಾಟ ಇಲ್ಲ" ಎಂದಿದ್ದಳು. ನಾವು ನಂಬಿದ್ದೆವು.

ಅವತ್ತು ಅವಳಿಗೆ ಬೆಳಗಿನ ಪಾಳಿ, ಮನೆಯಲ್ಲೇ ಇದ್ದಳು. ಬಾಗಿಲು ತೆಗೆದವಳೇ ಎರಡು ಬೆರಳನ್ನು ನನ್ನ ಕಿವಿಯ ಕೆಳಗೆ ಒತ್ತಿ ಹುಡುಕತೊಡಗಿದಳು. ಮೇಲೆ, ಕೆಳಗೆ, ದವಡೆಯ ಹಿಂದೆ. "ಗಂಟು ಎಲ್ಲಿ? ಎಲ್ಲಿದೆ ಹೇಳು. ಯಾವಾಗಿಂದ ಮುಚ್ಚಿಟ್ಟಿದ್ದೀಯ?" ತನ್ನದು ನನಗೆ ಬಂತು ಎಂದುಕೊಂಡಿದ್ದಳು. ನಾನು ಇಂಜೆಕ್ಷನ್ ಎಂದು ಹೇಳಲು ಹೋದರೆ ಮಾತೆಲ್ಲ ಗಾಳಿಯಾಗಿ ತುಟಿಯ ಸಂದಿಯಿಂದ ಹೋಗುತ್ತಿತ್ತು. ಕೊನೆಗೆ ಗುಬ್ಬಿಯೇ ಬಿಕ್ಕಳಿಸುತ್ತಾ ಹೇಳಿದಳು. ಅಮ್ಮ ಬಾಗಿಲ ಹತ್ತಿರವೇ ನೆಲದ ಮೇಲೆ ಕೂತುಬಿಟ್ಟಳು. ಕೂತಲ್ಲಿಂದಲೇ ಗುಬ್ಬಿಯ ಕಡೆ ನೋಡಿ, "ಮೂಳೆ ತಾಗೋವರೆಗೆ ಮದ್ದು ಬಿಡಬಾರದಮ್ಮ" ಎಂದಳು. ನಾನು ಮನೆಯಲ್ಲಿ ಗಟ್ಟಿಯಾಗಿ ಓದುವುದೆಲ್ಲ ಅವಳ ಕಿವಿಗೆ ಬೀಳುತ್ತಿರುತ್ತದೆ.

ಗುಬ್ಬಿ ಹೋದ ಮೇಲೆ ಅಮ್ಮ ತನ್ನ ಚೀಲ ತೆಗೆದಳು. ಕಣ್ಣಿನ ಹನಿ, ಮುಲಾಮು, ಕಾಗದದ ಅಂಟುಪಟ್ಟಿ. ಮೇಡಂ ಅಂಟಿಸಿದ್ದನ್ನು ತೆಗೆದು, ಹನಿ ಹಾಕಿ, ರೆಪ್ಪೆಯನ್ನು ಬೆರಳಿನಿಂದ ಇಳಿಸಿ ಇಳಿಸಿ ಮುಚ್ಚಿದಳು. ಟೀ ಮಾಡಿಕೊಂಡು ಬಂದಳು. "ತುಟಿ ಕೊನೇನ ಬೆರಳಲ್ಲಿ ಹಿಡ್ಕೋ. ಹಾಗಲ್ಲ, ಸ್ವಲ್ಪ ಮೇಲಕ್ಕೆತ್ತಿ. ತಲೆ ಎಡಕ್ಕೆ ವಾಲಿಸು. ಈಗ ಕುಡಿ." ಬಿಸ್ಕತ್ತನ್ನು ಯಾವ ಕಡೆ ಅಗಿಯಬೇಕು, ಕೆನ್ನೆಯಲ್ಲಿ ಸಿಕ್ಕಿದ್ದನ್ನು ನಾಲಿಗೆ ಎಟುಕದಿದ್ದರೆ ಹೇಗೆ ತೆಗೆಯಬೇಕು, ಎಲ್ಲ ಹೇಳಿಕೊಟ್ಟಳು. ಅಮ್ಮ ಯಾಕೆ ಯಾವಾಗಲೂ ನಮ್ಮದೆಲ್ಲ ಮುಗಿದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು ಎಂದು ನನಗೆ ಅವತ್ತು ತಿಳಿಯಿತು. ಗುರುವಾರ ಮಾತ್ರ ನನ್ನೆದುರು ಕೂತು ಕುಡಿದಳು. ಇಬ್ಬರೂ ತುಟಿಯ ಕೊನೆ ಹಿಡಿದುಕೊಂಡು ಟೀ ಹೀರುತ್ತಿದ್ದೆವು. ನಡುವೆ ಅವಳು ನನ್ನನ್ನು ನೋಡಿ ನಕ್ಕುಬಿಟ್ಟಳು. ಟೀ ಚೆಲ್ಲಿತು, ಒರೆಸಿಕೊಳ್ಳಲೂ ಇಲ್ಲ. "ನಿಮ್ಮಕ್ಕ ಇದ್ದಿದ್ರೆ ಇಬ್ಬರನ್ನೂ ಓಡಿಸಿರೋಳು" ಎಂದಳು. ಅವಳು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಚಿಕ್ಕಂದಿನಲ್ಲಿ ಕಂಡದ್ದು.

ಆಮೇಲೆ ನನ್ನ ಮುಖ ವಾಪಸು ಬರತೊಡಗಿತು.

ಮೊದಲು ಅಮ್ಮನಿಗೇ ಗೊತ್ತಾಯಿತು. ಅಂಟುಪಟ್ಟಿ ಬದಲಾಯಿಸುತ್ತಿದ್ದಾಗ ಅವಳ ಬೆರಳ ಕೆಳಗೆ ರೆಪ್ಪೆ ಅದುರಿತು. "ಮುಚ್ಚು ನೋಡೋಣ" ಎಂದಳು. ಅರ್ಧ ಮುಚ್ಚಿತು. "ಇನ್ನೊಂದ್ಸಲ." ಪೂರ್ತಿ ಮುಚ್ಚಿತು. ಆಮೇಲೆ ಅವಳು ತನ್ನ ಅಂಗೈಯನ್ನು ನನ್ನ ಕೆನ್ನೆಯ ಮೇಲಿಟ್ಟುಕೊಂಡೇ ಕೂತಳು. ಹುಬ್ಬು ಎದ್ದಿತು, ಮೂಗಿನ ಹೊಳ್ಳೆ ಅಗಲವಾಯಿತು. ಒಂದೊಂದು ಬಂದಾಗಲೂ "ಹ್ಞಾ, ಬಂತು" ಎನ್ನುತ್ತಿದ್ದಳು. ಕೊನೆಗೆ ತುಟಿ. "ನಗು" ಎಂದಳು. ನಕ್ಕೆ. ಎರಡೂ ಕಡೆ ಸಮನಾಗಿ ಬಂತು. ಅಮ್ಮ ಬಹಳ ಹೊತ್ತು ನೋಡಿದಳು. ಅವಳ ಎಡಗಡೆ ಮುಖದಲ್ಲಿ ಸಂತೋಷವಿತ್ತು. ಅದು ಅಲ್ಲೇ ಇದ್ದು ನೋಡನೋಡುತ್ತಾ ಇಳಿದುಹೋಯಿತು. ಕೈ ತೆಗೆದು, ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಲ್ಲಿಯ ನೀರು ಸುಮ್ಮನೆ ಹರಿಯುತ್ತಿರುವುದು ಕೇಳಿಸುತ್ತಿತ್ತು. ತೊಳೆಯಲು ಇದ್ದದ್ದು ಎರಡೇ ಲೋಟ. ನಾನು ಒಳಗೆ ಹೋಗುವ ಧೈರ್ಯ ಮಾಡಲಿಲ್ಲ.

ಅಕ್ಕ, ನೀನು ಕೆಟ್ಟವಳೆಂದು ನಾನು ಹೇಳುತ್ತಿಲ್ಲ. ಆಪರೇಷನ್ ಆದಾಗ ನನಗೆ ಹತ್ತು ವರ್ಷ, ನಿನಗೆ ಹದಿನೈದು. ಆಸ್ಪತ್ರೆಯಲ್ಲಿ ಅಮ್ಮನಿಗೆ ಚಮಚದಲ್ಲಿ ಗಂಜಿ ಕುಡಿಸಿದವಳು ನೀನು, ಗಲ್ಲ ಒರೆಸಿದವಳು ನೀನು. ಶಾಲೆಯಲ್ಲಿ ಆ ದಪ್ಪ ಜಡೆಯವಳು ಅಮ್ಮನ ಹಾಗೆ ಬಾಯಿ ಸೊಟ್ಟ ಮಾಡಿ ತೋರಿಸಿದಾಗ ಅವಳ ಜಡೆ ಹಿಡಿದು ಎಳೆದು ಮೂರು ದಿನ ಹೊರಗೆ ನಿಂತವಳೂ ನೀನೇ. ನಿನ್ನೊಳಗೆ ಎಷ್ಟು ಸುಸ್ತಾಗಿದೆ ಎಂದು ನನಗೆ ಗೊತ್ತು. ಹೊಸ ಮನೆಯಲ್ಲಾದರೂ ಅಮ್ಮನ ಮುಖಕ್ಕೆ ಏನಾಯಿತೆಂದು ಯಾರೂ ಕೇಳದೆ ಇರಲಿ, ಹೇಳುವ ಕೆಲಸ ಇರದೆ ಇರಲಿ ಎಂದು ನಿನಗೆ ಅನ್ನಿಸಿದ್ದರೆ ಅದು ದೊಡ್ಡ ಅಪರಾಧವಲ್ಲ. ಆದರೆ ನೀನು ಹೇಳಿದ ಮಾತನ್ನು ನಾನು ಅಮ್ಮನಿಗೆ ಹೇಳಲಾರೆ. ನೋವಾಗದ ಹಾಗೆ ಹೇಳುವ ದಾರಿಯೇ ಅದಕ್ಕಿಲ್ಲ. ಆ ಮುಖ ಇಟ್ಟುಕೊಂಡು ಅರ್ಧ ಗಂಟೆ ಬಸ್ಸಿನಲ್ಲಿ ಕೂತು ಬಂದವಳು ನಾನು, ನನ್ನ ಮಾತು ನಂಬು.

ಭಾವನಿಗೆ ನಿಜ ಹೇಳು. ಹಳೆಯ ಫೋಟೋ ನೋಡಿ ಲಕ್ಷಣ ಎಂದವರು ಈಗಿನದನ್ನು ನೋಡಿ ಏನನ್ನುತ್ತಾರೆಂದು ಮದುವೆಗೆ ಮುಂಚೆ ತಿಳಿದುಕೊಳ್ಳುವುದು ನಿನಗೇ ಒಳ್ಳೆಯದು.

ನನ್ನ ಚಿಂತೆ ಮಾಡಬೇಡ, ಮುಖ ಮೊದಲಿನಂತೆಯೇ ಇದೆ, ನಾಲಿಗೆಯೂ. ನಿನ್ನ ಬಾಳು ತಣ್ಣಗಿರಲಿ, ಹೋದ ಮನೆಯಲ್ಲಿ ನಿನ್ನನ್ನು ಅಂಗೈಯಲ್ಲಿಟ್ಟುಕೊಂಡು ನೋಡಿಕೊಳ್ಳಲಿ. ಚಿಕ್ಕವಳು ಹರಸಬಾರದು ಎನ್ನುತ್ತಾರೆ, ಆದರೂ ಹರಸಿದ್ದೇನೆ, ಇಟ್ಟುಕೋ.

ನಿನ್ನ ಬಾಯಿಬಡುಕ ತಂಗಿ

ಮತ್ತೆ ಬರೆದದ್ದು, ಬುಧವಾರ:

ಕಾಗದ ಅಂಚೆಗೆ ಹಾಕಲು ಆಗಲಿಲ್ಲ. ಸೋಮವಾರ ಅಮ್ಮ ಬಟ್ಟೆ ಮಡಿಸುತ್ತಾ ನನ್ನನ್ನು ಕರೆದಳು. ನಾನು ಏನೂ ಹೇಳಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. "ನಿಮ್ಮಕ್ಕ ನನ್ನನ್ನ ಕರೆಯೋಕೆ ಹಿಂದೆ ಮುಂದೆ ನೋಡ್ತಿದಾಳೆ ಅಲ್ವಾ?" ಎಂದಳು. ನಾನು ಅವಳು ಮಡಿಸಿಟ್ಟಿದ್ದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಿಸತೊಡಗಿದೆ. ಅವಳಿಗೆ ಅದೇ ಉತ್ತರವಾಯಿತು.

"ನಿಂಗೆ ಅವತ್ತು ಈ ಕಡೆ ಹೋಯ್ತಲ್ಲ" ಎಂದು ನನ್ನ ಬಲಗೆನ್ನೆ ಮುಟ್ಟಿದಳು. "ಅದೇ ಮದ್ದನ್ನ ನನಗೆ ಎಡಗಡೆ ಹಾಕಿಬಿಡು. ಮದುವೆ ದಿನ ಬೆಳಿಗ್ಗೆ. ಎರಡೂ ಕಡೆ ಸಮ ಆಗುತ್ತೆ. ಮೂರು ಗಂಟೆ ಇರುತ್ತಂತಲ್ಲ, ಫೋಟೋಗೆ ಅಷ್ಟು ಸಾಕು."

ಹಾಗೆ ಮಾಡಿದರೆ ಎರಡು ಕಣ್ಣೂ ಮುಚ್ಚುವುದಿಲ್ಲ, ನೀರು ಕುಡಿಯಲಾಗುವುದಿಲ್ಲ, ಒಂದು ಮಾತೂ ನೆಟ್ಟಗೆ ಹೊರಡುವುದಿಲ್ಲ, ನಗಲು ಬರುವುದೇ ಇಲ್ಲ ಎಂದೆ. ಪಾಠ ಒಪ್ಪಿಸಿದ ಹಾಗೆ ಎಲ್ಲ ಒಪ್ಪಿಸಿದೆ.

"ನಗಲ್ಲ ಬಿಡು. ಯಾರೋ ಗಂಭೀರದ ಹೆಂಗಸು ಅಂದ್ಕೋತಾರೆ. ಅಷ್ಟು ಗಂಭೀರ ಇರೋ ತಾಯಂದಿರು ಎಷ್ಟೋ ಜನ ಇರ್ತಾರೆ."

ಆಗುವುದಿಲ್ಲ ಎಂದೆ. ನಿನ್ನೆ ಮತ್ತೆ ಕೇಳಿದಳು. ಇವತ್ತು ಬೆಳಿಗ್ಗೆ ನಾನು ಕಾಲೇಜಿಗೆ ಹೊರಟಾಗ, ಗುಬ್ಬಿಯ ಕೈಯಲ್ಲಾದರೂ ಹಾಕಿಸಿಕೊಡು, ಅವಳಿಗೆ ಹೇಗೂ ಮೂಳೆ ತಾಗಲ್ಲವಲ್ಲ ಎಂದಳು. ತಮಾಷೆಗೆ ಹೇಳಿದಳೋ ಎಂದು ತಿರುಗಿ ನೋಡಿದೆ. ತಮಾಷೆಯಾಗಿರಲಿಲ್ಲ. ನಾನು ಎಷ್ಟು ಸಲ ಬೇಡ ಎಂದರೂ ಅದು ಅವಳಿಗೆ ತಾಗುತ್ತಿಲ್ಲ. ಮದ್ದು ಬೇಡ ಅಮ್ಮ ಎಂದು ನೀನು ಬಂದು ಹೇಳು.